ಕೆರೆಯ ಹೂಳೂ ಆಮೆಯ ವಯಸ್ಸೂ

ಕೆರೆ ಪಂಚಾಯ್ತಿಯ ಅಧ್ಯಕ್ಷ ಕೋಣ ಹೂಳನ್ನೆಲ್ಲ ತೆಗೆಸಿಬಿಟ್ಟಿದೆ ಎಂದು ಹುಂಜ ತನ್ನ ಆನ್‌ಲೈನ್ ಪತ್ರಿಕೆಯಲ್ಲಿ ಕೂಗಿತು. ಸುದ್ದಿಯ ಕೆಳಗೆ ಆಮೆ ಕಾಮೆಂಟು ಹಾಕಿತು: "ಸಂಪಾದಕರೇ, ಹೂಳು ಹಾಗೇ ಇದೆ. ಅದರಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ."

ಕೋಣನ ಬೆನ್ನ ಮೇಲೆ ಉಣ್ಣಿ ಹೆಕ್ಕುತ್ತಿದ್ದ ಬೆಳ್ಳಕ್ಕಿಗಳು ಅಲ್ಲಿಂದಲೇ ಕಾಮೆಂಟಿಗೆ ಇಳಿದವು. "ಮೊಸಳೆ ಅಧ್ಯಕ್ಷನಾಗಿದ್ದಾಗ ಎಲ್ಲಿ ಸತ್ತಿದ್ದೆ?"

"ಆಗಲೂ ಇದೇ ಹೂಳಿನಲ್ಲಿದ್ದೆ," ಎಂದಿತು ಆಮೆ.

"ನೋಡಿ, ಮೊಸಳೆ ಕಡೆಯವನೇ ಇವನು!"

ಕೋಣ ಹುಂಜವನ್ನು ಕರೆಸಿತು. "ನೋಡಪ್ಪಾ, ಹೂಳು ತೆಗೆಸಿದ್ದಕ್ಕೆ ನಿನ್ನ ಸುದ್ದಿಯೇ ಸಾಕ್ಷಿ. ಮತ್ತೆ ಆ ಹೂಳು ಆಮೆಯ ಹತ್ತಿರ ಎಲ್ಲಿಂದ ಬಂತು?"

ಮರುದಿನ ಬೆಳಗ್ಗೆ ಹುಂಜ ಕೂಗಿತು: "ತೆಗೆದ ಹೂಳನ್ನು ಕದ್ದು ಮತ್ತೆ ಕೆರೆಗೆ ತಂದ ನಲವತ್ತು ವರ್ಷದ ಆಮೆ!"

ಆಮೆಯ ಪಕ್ಕದಲ್ಲಿದ್ದ ಕಪ್ಪೆ ಗೋಗರೆಯಿತು. "ಕದ್ದಿಲ್ಲ ಅಂತ ಬೇಗ ಬರೆಯೋ ಮಾರಾಯ!"

"ತಾಳು. ಸುದ್ದಿಯಲ್ಲಿ ಎರಡು ತಪ್ಪುಗಳಿವೆ. ಸಣ್ಣದನ್ನು ಮೊದಲು ತಿದ್ದೋಣ, ನನ್ನ ಮಾತಿಗೆ ತೂಕ ಬರುತ್ತದೆ," ಎಂದ ಆಮೆ ಮಧ್ಯಾಹ್ನದವರೆಗೆ ಒಂದೊಂದೇ ಅಕ್ಷರ ಒತ್ತಿ ಬರೆಯಿತು: "ನನಗೆ ನಲವತ್ತಲ್ಲ, ತೊಂಬತ್ತು."

ಹುಂಜಕ್ಕೆ ಖುಷಿಯೋ ಖುಷಿ. ತಕ್ಷಣ ಕಾಮೆಂಟುಗಳನ್ನು ಬಂದ್ ಮಾಡಿ, ಚೌಕಟ್ಟು ಹಾಕಿ ಪ್ರಕಟಿಸಿತು:

"ತಿದ್ದುಪಡಿ: ಹೂಳು ಕದ್ದ ಆಮೆಗೆ ನಲವತ್ತಲ್ಲ, ತೊಂಬತ್ತು ವರ್ಷ. ಉಳಿದ ವಿವರಗಳ ಬಗ್ಗೆ ಆಮೆಯ ತಕರಾರೇನೂ ಇಲ್ಲ. ಪ್ರಮಾದಕ್ಕೆ ವಿಷಾದಿಸುತ್ತೇವೆ."