ಕಲ್ಲಿನಲ್ಲಿಲ್ಲದ ಕಾರಹುಣ್ಣಿಮೆ

ಅರಮನೆಗೆ ವಿಜಯಶಾಸನ ಬರೆಯುವ ಕೆಲಸ ಸಿಕ್ಕಿದ್ದ ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಕೋಟೆ ಗೆದ್ದ ದಿನವನ್ನು ಯುಗಾದಿ ಅಂತ ಬರೆ, ಶುಭ ಅನ್ನುತ್ತಾರೆ ಅರಮನೆಯವರು. ರಾಜವಂಶದ ಆಯುಸ್ಸು ಮುನ್ನೂರು ವರ್ಷ. ಅದರಲ್ಲಿ ಎರಡು ತಿಂಗಳು ಹಿಂದೆ ಮುಂದೆ ಆದರೆ ಯಾರಿಗೆ ನಷ್ಟ, ಗುರುಗಳೇ?"

ಗುರುಗಳು ಹೇಳಿದರು:

ಒಬ್ಬ ರೈತನಿದ್ದ. ಇಪ್ಪತ್ನಾಲ್ಕರ ಪ್ರಾಯ. ಕಾರಹುಣ್ಣಿಮೆಯ ದಿನ ಎತ್ತು ಓಡಿಸಿ, ಊರಗೌಡನ ಎತ್ತುಗಳನ್ನು ಹಿಂದೆ ಹಾಕಿ, ಬೇವಿನ ತೋರಣದ ಕರಿ ಹರಿದ. ಊರೆಲ್ಲ ಕೇಕೆ ಹಾಕಿತು. ಮಾರನೆಯ ದಿನ ರಾಜನ ದಂಡಿಗೆ ಸೇರಿದ. ವಾರದೊಳಗೆ ಕೋಟೆ ಬಿತ್ತು. ಗೋಡೆ ಹತ್ತುತ್ತಿದ್ದ ಇವನೂ ಅಂದೇ ಸತ್ತ. ಒಂಬತ್ತು ತಿಂಗಳು ತುಂಬಿ, ಹೋಳಿಹುಣ್ಣಿಮೆಗೆ ಅವನ ಹೆಂಡತಿ ಗಂಡುಮಗು ಹೆತ್ತಳು. ದಂಡಿನಲ್ಲಿ ಸತ್ತವನ ಮಗನಿಗೆ ನೆತ್ತರುಗೊಡಗೆ ಅಂತ ರಾಜ ಹೊಲ ಕೊಡುವ ವಾಡಿಕೆ. ಅವಳು ಅದನ್ನೇ ನೆಚ್ಚಿಕೊಂಡಿದ್ದಳು.

ಅಷ್ಟರಲ್ಲಿ ಊರಬಾಗಿಲಿಗೆ ರಾಜನ ಕಲ್ಲು ಬಂತು. ಕೋಟೆ ಗೆದ್ದದ್ದು ಯುಗಾದಿಯಂದು ಎಂದು ಅದರಲ್ಲಿ ಕೊರೆದಿತ್ತು.

ಬಾವಿಕಟ್ಟೆಯ ಹೆಂಗಸರ ಬೆರಳಿಗೆ ಕೆಲಸ ಸಿಕ್ಕಿತು. ಯುಗಾದಿಯಿಂದ ಹೋಳಿಗೆ ಹನ್ನೊಂದೂವರೆ ತಿಂಗಳು! "ಅಷ್ಟು ದಿನ ಹೊರೋಕೆ ಇವಳೇನು ಹೆಣ್ಣುಗತ್ತೆಯೇನೇ?" ಎಂದಳು ಒಬ್ಬಳು. ಕೂಸಿನ ಮೂಗು ಕುಂಬಾರನದು ಎಂದಳು ಇನ್ನೊಬ್ಬಳು. ಕಿವಿ ಪೂಜಾರಿಯದಂತೆ. ಸತ್ತ ಅಪ್ಪನಿಗೆ ಅಂತ ಒಂದು ಉಗುರನ್ನೂ ಉಳಿಸಲಿಲ್ಲ. ಅಣ್ಣನಿಗೆ ಮಗನಿಲ್ಲವೆಂದಾದರೆ ತನಗೇ ಬರುವ ಹೊಲದ ಮೇಲೆ ಕಣ್ಣಿಟ್ಟಿದ್ದ ಮೈದುನ ಪಂಚಾಯಿತಿ ಸೇರಿಸಿದ. ಕರಿ ಹರಿದ ದಿನ ಅಣ್ಣನನ್ನು ಹೆಗಲ ಮೇಲೆ ಹೊತ್ತು ಕುಣಿದವನೂ ಅವನೇ.

"ಗೌಡರೇ," ಎಂದಳು ಅವಳು, "ಕಾರಹುಣ್ಣಿಮೆಗೆ ನಿಮ್ಮನ್ನು ಸೋಲಿಸಿದ್ದು ನನ್ನ ಗಂಡನೋ, ಅವನ ದೆವ್ವವೋ?"

ಆ ಸೋಲು ಗೌಡನ ಹೊಟ್ಟೆಯಲ್ಲಿ ಇನ್ನೂ ಉರಿಯುತ್ತಿತ್ತು. "ನನಗೆ ನೆನಪಿದೆ ಕಣವ್ವ. ಕಲ್ಲಿಗೆ ನೆನಪಿಲ್ಲವಲ್ಲ. ರಾಜರ ಕಲ್ಲು ಸುಳ್ಳು ಅಂದರೆ ನಮ್ಮ ನಾಲಗೆ ಉಳಿದೀತೇ?"

ಹೊಲ ಮೈದುನನಿಗೆ ಹೋಯಿತು. ಕೂಸು ಹಾದರದ್ದಾಯಿತು. ಅವಳನ್ನು ಊರಿನಿಂದ ಹೊರಗೆ ಹಾಕಿದರು.

ಕೂಸನ್ನು ಸೊಂಟಕ್ಕೇರಿಸಿ ಹೊರಟವಳು ಊರಬಾಗಿಲ ಕಲ್ಲಿನ ಮುಂದೆ ನಿಂತಳು. ಅವಳಿಗೆ ಓದು ಬಾರದು. ಅಕ್ಷರಗಳ ಮೇಲೆ ಬೆರಳಾಡಿಸುತ್ತ ದಾರಿಹೋಕನೊಬ್ಬನನ್ನು ಕೇಳಿದಳು: "ಇದರಲ್ಲಿ ಕಾರಹುಣ್ಣಿಮೆ ಎಲ್ಲಿದೆ ಅಪ್ಪಾ?" ಅವನು ಓದಿ, ಇಲ್ಲ ಎಂದ. "ಇನ್ನೊಮ್ಮೆ ನೋಡು" ಎಂದಳು. ಅವನು ಹೋದ ಮೇಲೆ ಮುಂದಿನವನನ್ನು ಕೇಳಿದಳು. ಹೊತ್ತು ಮುಳುಗುವವರೆಗೆ ಬಂದಬಂದವರನ್ನೆಲ್ಲ ಕೇಳಿದಳು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿ, ಏನೂ ಬರೆಯದ ಓಲೆಯನ್ನು ಶಿಷ್ಯನತ್ತ ಸರಿಸಿದರು.

"ಹೇಳಪ್ಪ, ನಿನ್ನ ಕೋಟೆ ಬಿದ್ದದ್ದು ಯಾವತ್ತು?"