ಕುಂಬಳದ ಹೂವಿನ ಮದುವೆ

ಒಂದು ಕೆರೆ ಇತ್ತು ಮಕ್ಕಳಾ. ಎಷ್ಟು ನಿಧಾನದ ಕೆರೆ ಅಂದ್ರೆ, ಅದರಲ್ಲಿ ಬಿದ್ದ ಎಲೆ ಮುಳುಗೋಕೆ ಮೂರು ದಿನ ತಗೊಳ್ಳೋದು. ನಡುವೆ ಒಂದು ನಿದ್ದೇನೂ ಮಾಡೋದು.

ಅದರ ದಡದಲ್ಲಿ ಡೊಳ್ಳಪ್ಪ ಅನ್ನೋ ಹೆಗ್ಗಣ ಇದ್ದ. ಮಳೆ ಬಂತು ಅಂದ್ರೆ ಅವನ ಬಿಲದ ತುಂಬ ನೀರು. ಅದಕ್ಕೇ ಪ್ರತಿ ವರ್ಷ ಒಂದು ಸಿಹಿಗುಂಬಳ ಬೆಳೆದು, ಒಳಗೆಲ್ಲ ಕೊರೆದು, ಹೆಂಡತಿ, ಮೂರು ಮಕ್ಕಳ ಜೊತೆ ಅದರಲ್ಲೇ ಮಳೆಗಾಲ ಕಳೀತಿದ್ದ.

ಕಾಯಿ ಏನು ಸಣ್ಣದಾ? ಈ ತುದೀಲಿ ಸೀನಿದ್ರೆ ಆ ತುದೀಲಿ ಮಾರನೇ ದಿನ ಕೇಳ್ಸೋದು! ಆದ್ರೆ ಸಿಪ್ಪೆ ಮಾತ್ರ ಹಪ್ಪಳ. ಹೋದ ಮಳೆಗೆ ಕುಸಿದು ಬಿದ್ದು, ಅವನ ಚಿಕ್ಕ ಮಗಳು ಕೊಚ್ಚಿಕೊಂಡು ಹೋಗೋದ್ರಲ್ಲಿದ್ಲು.

ಪಕ್ಕದಲ್ಲಿ ಚುಚ್ಚಕ್ಕ ಅನ್ನೋ ಮುಳ್ಳುಹಂದಿ. ಅವಳ ಕುಂಬಳ ತೆಂಗಿನಕಾಯಷ್ಟೇ, ಆದ್ರೆ ಕಲ್ಲು! ಡೊಳ್ಳಪ್ಪ ಎಲೆ ಅಡಿಕೆ ಹಿಡ್ಕೊಂಡು ಹೋದ.

"ಅಕ್ಕಾ, ನಮ್ಮ ಹೆಣ್ಣು ಹೂವಿಗೆ ನಿಮ್ಮ ಗಂಡು ಹೂವು ಕೊಡ್ತೀರಾ?"

"ನಮ್ಮ ಹುಡುಗ ಕುಳ್ಳ ಕಣಪ್ಪ."

"ಗಟ್ಟಿ ಇದ್ದಾನಲ್ಲ, ಸಾಕು!"

ದುಂಬಿ ಬೇರೆ ಹೂವಿನ ಪುಡಿ ತರಬಾರದು ಅಂತ ಸಂಜೇನೇ ಹೆಣ್ಣು ಮೊಗ್ಗಿನ ಬಾಯಿಗೆ ಬಾಳೆನಾರು ಕಟ್ಟಿದ್ರು. ಬೆಳಿಗ್ಗೆ ಬಿಚ್ಚಿ, ಚುಚ್ಚಕ್ಕ ತನ್ನ ಗಂಡು ಹೂವನ್ನ ಅದಕ್ಕೆ ಮೆಲ್ಲಗೆ ಸವರಿ, ಮತ್ತೆ ಕಟ್ಟಿದ್ಲು. ಜೀರುಂಡೆ ಓಲಗ ಊದ್ತು. ಮಂಜು ಅಕ್ಷತೆ ಹಾಕ್ತು. ಮದುವೆ ಆಯ್ತು.

ಕಾಯಿ ಊದ್ತಾ ಊದ್ತಾ ಹೋಯ್ತು. ಚಂದ್ರ ಅದನ್ನ ನೋಡಿ, ಕೆರೇಲಿರೋ ತನ್ನ ಬಿಂಬ ದಡಕ್ಕೆ ಹತ್ತಿಬಿಡ್ತಾ ಅಂತ ಗಾಬರಿಯಾದ. ಬಲಿತ ದಿನ ಡೊಳ್ಳಪ್ಪ ಉಗುರಿನಿಂದ ಕೆರೆದ. ಪುಸಕ್! ಉಗುರು ಒಳಗೇ ಹೋಯ್ತು.

"ಮೋಸ! ಅದೇ ಹಪ್ಪಳ!"

"ತಡ್ಕೊಳ್ಳೋ," ಅಂದ್ಲು ಚುಚ್ಚಕ್ಕ. "ಸಿಪ್ಪೆ ಅಮ್ಮಂದು. ನಮ್ಮ ಹುಡುಗನ ಗುಣ ಒಳಗಿನ ಬೀಜದಲ್ಲಿದೆ. ಅದನ್ನ ಬಿತ್ತಿ, ಮುಂದಿನ ವರ್ಷದ ಕಾಯಿ ನೋಡು."

"ಮುಂದಿನ ವರ್ಷವಂತೆ! ಮಳೆ ಈ ವರ್ಷ ಬರುತ್ತೆ!"

ಸಿಟ್ಟಲ್ಲಿ ಒಂದು ಹಿಡಿ ತಿರುಳು ಕಿತ್ತು ಅವಳ ಬೆನ್ನಿಗೆ ಎಸೆದ. ಉಳಿದ ಬೀಜಕ್ಕೆಲ್ಲ ಉಪ್ಪು ಖಾರ ಹಾಕಿ, ಹುರಿದು ಮೆದ್ದುಬಿಟ್ಟ.

ಮಳೆ ಬಂತು. ಮೂರನೇ ದಿನ ಮನೆ ಕುಸೀತು. ಐದೂ ಜನ ತೊಪ್ಪೆಯಾಗಿ, ದಿಬ್ಬದ ಮೇಲಿದ್ದ ಚುಚ್ಚಕ್ಕನ ಬಿಲದ ಬಾಗಿಲಲ್ಲಿ ನಿಂತ್ರು.

"ಒಳಗೆ ಬನ್ನಿ," ಅಂದ್ಲು. "ನನ್ನ ಮುಳ್ಳು ಚುಚ್ಚೀತು, ರಾತ್ರಿ ಮಗ್ಗುಲು ಬದಲಾಯಿಸೋ ಮುಂಚೆ ಒಂದು ಮಾತು ಹೇಳಿ, ಅಷ್ಟೇ."

"ತಪ್ಪಾಯ್ತಕ್ಕಾ. ನಾನು ತಿಂದಿದ್ದು ಬೀಜ ಅಲ್ಲ, ಮಕ್ಕಳ ಮನೆ."

"ಎಸೆದ ತಿರುಳಲ್ಲಿ ಒಂದು ಬೀಜ ನನ್ನ ಮುಳ್ಳಿನ ಸಂದೀಲಿ ಸಿಕ್ಕಿಕೊಂಡಿತ್ತು. ಒಣಗಿಸಿ ಇಟ್ಟಿದೀನಿ."

ಮುಂದಿನ ವರ್ಷ ಆ ಒಂದು ಬೀಜದ ಬಳ್ಳೀಲಿ ಒಂದೇ ಕಾಯಿ. ಹಳೇ ಕಾಯಷ್ಟು ದೊಡ್ಡದಲ್ಲ, ಆದ್ರೆ ಐದು ಜನ ಕಾಲು ಚಾಚಬಹುದು. ಬಾಗಿಲು ಕೊರೆಯೋಕೇ ಡೊಳ್ಳಪ್ಪನಿಗೆ ಹನ್ನೊಂದು ದಿನ ಹಿಡೀತು, ಎರಡು ಹಲ್ಲು ಮೊಂಡಾಯ್ತು.

ಕೆರೆ ಉಕ್ಕಿತು. ಕುಂಬಳದ ಮನೆ ಮೆಲ್ಲಗೆ ಎದ್ದು, ತಾವರೆಗಳ ನಡುವೆ ತೇಲಿಕೊಂಡು ಹೋಯ್ತು. ಒಳಗೆಲ್ಲ ಅರಿಶಿನದ ಬೆಳಕು. ಮೇಲೆ ಮಳೆ ಬಡೀತಾನೇ ಇತ್ತು. ಚಿಕ್ಕ ಮಗಳಿಗೆ ಎಚ್ಚರಾನೇ ಆಗ್ಲಿಲ್ಲ.

ನೀತಿ: ಮಾಡಿದ ಒಳ್ಳೇ ಕೆಲಸ ಇವತ್ತೇ ಹೊರಗೆ ಕಾಣಲಿಲ್ಲ ಅಂತ, ಅದರ ಬೀಜ ಹುರಿದು ತಿನ್ನಬಾರದು.