ಕೆಂಪು ನಾಲಿಗೆ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಬೀಗರು ಅಡಿವೆಪ್ಪನವರು. ಅವರು ಅದನ್ನು ಮಠದ ಜಗಲಿಯಲ್ಲಿ ಕೂತು ಗುರುಗಳ ಬಾಯಿಂದಲೇ ಕೇಳಿದ್ದರು.

ಅಂದು ಶಿಷ್ಯನೊಬ್ಬ ಕೇಳಿದ: "ಬುದ್ಧೀ, ನನ್ನ ತಮ್ಮನಿಗೆ ಮನಸ್ಸಿನ ಕಾಯಿಲೆ. ನುಂಗಿದ ಕೂಡಲೇ ನಮ್ಮ ಫೋನಿಗೆ ಸುದ್ದಿ ಮುಟ್ಟಿಸುವ ಮಾತ್ರೆ ಬಂದಿದೆಯಂತೆ. ಅವನಿಗೆ ತಿಳಿಸದೆ ಅದನ್ನೇ ಕೊಡಲೇ?"

ಗುರುಗಳ ಹುಬ್ಬು ಗಂಟಾಯಿತು. ಆದರೂ ನಿಧಾನವಾಗಿಯೇ ಹೇಳತೊಡಗಿದರು.

ಒಬ್ಬ ನೇಕಾರನಿದ್ದ. ಊರೆಲ್ಲ ತನ್ನನ್ನೇ ನೋಡುತ್ತಿದೆ ಎಂಬ ಭಯ ಅವನಿಗೆ. ವೈದ್ಯನೊಬ್ಬ, ಅದು ಭ್ರಮೆಯಪ್ಪಾ ಎಂದು ಸಮಾಧಾನ ಹೇಳಿ ಪುಡಿ ಕೊಟ್ಟ. ನೇಕಾರ ನಂಬಿ ದಿನವೂ ಮಜ್ಜಿಗೆಯಲ್ಲಿ ಕದಡಿ ಕುಡಿದ. ಭಯ ಇಳಿಯಿತು. ಮತ್ತೆ ಮಗ್ಗಕ್ಕೆ ಕೂತ.

ಒಂದು ದಿನ ಅವನ ಕೈಯಿಂದ ಲಾಳಿ ಜಾರಿತು. ಯಾರ ಕೈಯಿಂದ ಜಾರುವುದಿಲ್ಲ? ಅಷ್ಟಕ್ಕೇ ಅವನ ಅಣ್ಣನಿಗೆ, ಮದ್ದು ಬಿಟ್ಟಿದ್ದಾನೆಂಬ ಅನುಮಾನ. ವೈದ್ಯನಲ್ಲಿಗೆ ಹೋಗಿ, ನಾಲಿಗೆಗೆ ಬಣ್ಣ ಹತ್ತುವ ಕೆಂಪು ಬೇರನ್ನು ಪುಡಿಯಲ್ಲಿ ಬೆರೆಸುವಂತೆ ಮಾಡಿದ. ತಮ್ಮನಿಗೆ ಹೇಳಲಿಲ್ಲ. ಊರಿಗೆ ಹೇಳಿದ.

ನೇಕಾರ ನೂಲಿಗೆ ಹೋದಾಗ ವರ್ತಕ ಕೈ ಅಡ್ಡ ಹಿಡಿದ. "ಎಲ್ಲಿ, ಮೊದಲು ನಾಲಿಗೆ ಚಾಚಪ್ಪಾ. ಕೆಂಪಗಿದ್ದರೆ ನೂಲು, ಇಲ್ಲದಿದ್ದರೆ ಬಂದ ದಾರಿ. ನಿಮ್ಮಣ್ಣನದೇ ಅಪ್ಪಣೆ!"

ಕಟ್ಟೆಯ ಮೇಲಿದ್ದವರು ನಕ್ಕರು. ನೇಕಾರ ಚಾಚಿದ. ನೂಲು ಸಿಕ್ಕಿತು.

ಅಂದೇ ಅವನು ಪುಡಿಯನ್ನು ತಿಪ್ಪೆಗೆ ಚೆಲ್ಲಿದ. ಬೆಳಗಾದರೆ ಎಲೆ ಅಡಿಕೆ ಜಗಿದು ನಾಲಿಗೆ ಕೆಂಪು ಮಾಡಿಕೊಂಡ. ಅಣ್ಣ ಅದನ್ನು ನೋಡಿ ನೆಮ್ಮದಿಯಾಗಿದ್ದ. ಕೊನೆಗೊಂದು ದಿನ ನೇಕಾರ ಮಗ್ಗಕ್ಕೆ ಬಿಗಿದ ಹಾಸಿನ ನೂಲನ್ನೆಲ್ಲ ಕತ್ತರಿಸಿ, ನೇಯುವಾಗ ಕಾಲಿಳಿಬಿಡುವ ಮಗ್ಗದ ಗುಂಡಿಯೊಳಗೆ ಮುದುಡಿ ಕೂತ. ಯಾರು ಕರೆದರೂ ಮೇಲೆ ಬರಲೊಲ್ಲ.

ವೈದ್ಯ ಓಡಿಬಂದ. "ಮದ್ದು ಯಾಕೆ ಬಿಟ್ಟೆಯೋ, ಪುಣ್ಯಾತ್ಮಾ?"

ಗುಂಡಿಯೊಳಗಿಂದ ನೇಕಾರ ಹೇಳಿದ: "ಊರೆಲ್ಲ ನನ್ನನ್ನೇ ನೋಡುತ್ತದೆ ಅಂದಾಗ ಭ್ರಮೆ ಅಂದಿರಿ. ನಂಬಿದೆ. ಈಗ ಹೇಳಿ ಸ್ವಾಮೀ, ಅದು ಭ್ರಮೆಯೋ? ನೋಡುವ ಕಣ್ಣನ್ನು ಮದ್ದಿನೊಳಗೇ ಇಟ್ಟಿರಲ್ಲ!"



ಕತೆ ಮುಗಿಸಿ ಗುರುಗಳು ಶಿಷ್ಯನ ಕಡೆ ತಿರುಗಿದರು. "ನನ್ನನ್ನು ಕೇಳಲು ಹೊಳೆ ದಾಟಿ ಬಂದೆ, ಒಂದೇ ಸೂರಿನಡಿ ಇರುವ ತಮ್ಮನನ್ನು ಕೇಳಿದೆಯಾ?"

ಶಿಷ್ಯ ಎದ್ದು ಹೊಳೆಯ ಕಡೆ ನಡೆದ.

ಮನೆಯಲ್ಲಿ ಇಂಥ ಜೀವವೊಂದನ್ನು ಇಟ್ಟುಕೊಂಡವರು ಸಿಕ್ಕರೆ, ಓದಿದವರು ದಯಮಾಡಿ ಈ ಕತೆಯನ್ನು ಅವರ ಕಿವಿಗೆ ಹಾಕಿ.